ಎಫ್‌ಟಿಎಲ್: ವರ್ಷಗಟ್ಟಲೆ ಆಡಿದ ಮೇಲೆ ಹೇಳಬೇಕಾದ್ದು

ಎಫ್‌ಟಿಎಲ್, ಅಂದರೆ 'ಫಾಸ್ಟರ್ ದ್ಯಾನ್ ಲೈಟ್', 2012ರ ಗೇಮ್. ಇಷ್ಟು ಹಳೇ ಗೇಮ್‌ಗೆ ಈಗ ಯಾಕೆ ವಿಮರ್ಶೆ ಅಂತ ಕೇಳಬಹುದು. ಬಾಹ್ಯಾಕಾಶ ಕಾಳಗದ ರೋಗ್‌ಲೈಟ್‌ಗಳು (ಸತ್ತರೆ ಮೊದಲಿಂದ ಶುರುವಾಗುವ, ಪ್ರತಿ ಸಲವೂ ಬದಲಾಗುವ ಗೇಮ್‌ಗಳು) ಆಮೇಲೆ ಬೇಕಾದಷ್ಟು ಬಂದವು. ನೋಡುವುದಕ್ಕೆ ಇದಕ್ಕಿಂತ ಎಷ್ಟೋ ಚೆನ್ನಾಗಿರುವವೂ ಇವೆ. ಆದರೂ ಲ್ಯಾಪ್‌ಟಾಪ್ ಬದಲಾಯಿಸಿದಾಗ ನಾನು ಮೊದಲು ಹಾಕಿಕೊಳ್ಳುವುದು ಇದನ್ನೇ. ಹೊಸಬರು ಇದನ್ನು ಬರೀ ಅದೃಷ್ಟದ ಆಟ ಅಂತ ಬೈದು ಬಿಟ್ಟುಬಿಡುತ್ತಾರೆ. ಹಳಬರು ಇದರಲ್ಲಿ ಒಂದು ಕುಂದೂ ಇಲ್ಲ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಕಥೆ ತೀರಾ ಚಿಕ್ಕದು. ನಿಮ್ಮ ಶಿಪ್‌ನಲ್ಲಿ ಒಂದು ಮುಖ್ಯ ಮಾಹಿತಿ ಇದೆ, ಬಂಡುಕೋರರ ಪಡೆ ಬೆನ್ನಟ್ಟಿ ಬರುತ್ತಿದೆ. ಎಂಟು ಸೆಕ್ಟರ್ ದಾಟಿ ಅದನ್ನು ನಿಮ್ಮ ಕಡೆಯ ಫೆಡರೇಶನ್‌ಗೆ ಮುಟ್ಟಿಸಬೇಕು, ಕೊನೆಗೆ ಬಂಡುಕೋರರ ಫ್ಲ್ಯಾಗ್‌ಶಿಪ್, ಅಂದರೆ ಅವರ ಮುಖ್ಯ ಶಿಪ್, ಒಡೆಯಬೇಕು. ಸತ್ತರೆ ಮೊದಲಿಂದ ಶುರು. ಹಳೇ ಸೇವ್ ಲೋಡ್ ಮಾಡುವ ಆಯ್ಕೆಯೇ ಇಲ್ಲ. ಈಗಿನ ಎಷ್ಟೋ ಗೇಮ್‌ಗಳ ಹಾಗೆ ಸತ್ತಷ್ಟೂ ನಿಮ್ಮ ಬಲ ಹೆಚ್ಚುತ್ತಾ ಹೋಗುವುದಿಲ್ಲ. ಹೊಸ ಶಿಪ್‌ಗಳು ಸಿಗುತ್ತವೆ, ಅಷ್ಟೇ.

ಶಿಪ್ ಓಡಿಸುವ ಕೆಲಸ ಇಲ್ಲಿಲ್ಲ. ಮೇಲಿಂದ ನೋಡಿದ ಹಾಗೆ ಅದರ ಕೋಣೆಗಳು ಕಾಣುತ್ತವೆ, ಒಳಗೆ ನಿಮ್ಮ ಜನ ಓಡಾಡುತ್ತಿರುತ್ತಾರೆ. ಯಾವ ಕೋಣೆಗೆ ಎಷ್ಟು ಪವರ್, ಯಾರು ಎಲ್ಲಿ ನಿಲ್ಲಬೇಕು, ಶತ್ರುವಿನ ಯಾವ ಕೋಣೆಗೆ ಗುರಿ, ಇದೇ ಆಟ. ಸ್ಪೇಸ್ ಬಾರ್ ಒತ್ತಿದರೆ ಎಲ್ಲ ನಿಲ್ಲುತ್ತದೆ. ನಿಂತಿರುವಾಗಲೂ ಆರ್ಡರ್ ಕೊಡಬಹುದು. ಬೆರಳಿನ ಚುರುಕು ಬೇಕಿಲ್ಲ, ತಲೆ ಓಡಬೇಕು.

ಒಂದು ಸನ್ನಿವೇಶ ನೋಡಿ. ಶತ್ರುವಿನ ಮಿಸೈಲ್ ನಿಮ್ಮ ಆಕ್ಸಿಜನ್ ಕೋಣೆಗೆ ಬಿತ್ತು. ಯಂತ್ರ ಕೆಟ್ಟಿತು, ಬೆಂಕಿಯೂ ಹತ್ತಿತು. ಸ್ಪೇಸ್ ಬಾರ್ ಒತ್ತಿ. ಜನರನ್ನು ಕಳಿಸಿ ಆರಿಸೋಣ ಅಂದರೆ ಅವರೂ ಸುಡುತ್ತಾರೆ. ಇನ್ನೊಂದು ದಾರಿ ಇದೆ. ಹೊರಬಾಗಿಲಿನಿಂದ ಆ ಕೋಣೆಯವರೆಗೆ ಎಲ್ಲ ಬಾಗಿಲು ತೆರೆದುಬಿಡುವುದು. ಗಾಳಿ ಹೊರಗೆ ಹೋಗುತ್ತದೆ, ಬೆಂಕಿ ತಾನಾಗಿ ಆರುತ್ತದೆ. ಆದರೆ ಈಗ ಕೋಣೆಯಲ್ಲಿ ಗಾಳಿಯಿಲ್ಲ, ಗಾಳಿ ಕೊಡುವ ಯಂತ್ರ ರಿಪೇರಿಯಾಗಬೇಕು, ರಿಪೇರಿಗೆ ಹೋದವನ ಪ್ರಾಣ ಕ್ಷಣಕ್ಷಣಕ್ಕೂ ಇಳಿಯುತ್ತಿರುತ್ತದೆ. ನಿಮ್ಮಲ್ಲಿ ಒಬ್ಬ ಎಂಗಿ (ಯಂತ್ರದಂಥ ಒಂದು ಜನಾಂಗದವನು) ಇದ್ದರೆ ಬಚಾವ್, ರಿಪೇರಿಯಲ್ಲಿ ಅವನದು ಎರಡರಷ್ಟು ವೇಗ. ಇಲ್ಲದಿದ್ದರೆ ಇಬ್ಬರನ್ನು ಕಳಿಸಿ, ಒಬ್ಬ ಸಾಯುವ ಸ್ಥಿತಿಗೆ ಬಂದಾಗ ಮೆಡ್‌ಬೇಗೆ (ಚಿಕಿತ್ಸೆಯ ಕೋಣೆಗೆ) ಓಡಿಸಬೇಕು. ಅಷ್ಟರಲ್ಲಿ ಶತ್ರುವಿನ ಮುಂದಿನ ಮಿಸೈಲ್ ಸಿದ್ಧವಾಗುತ್ತಿರುತ್ತದೆ. ಇಂಥ ಅರ್ಧ ನಿಮಿಷಕ್ಕಾಗಿಯೇ ನಾನು ಈ ಗೇಮ್ ಆಡುವುದು.

ಹೊಡೆಯುವುದಕ್ಕೂ ಲೆಕ್ಕ ಇದೆ. ಲೇಸರ್‌ನ ಒಂದೊಂದು ಗುಂಡು ಶೀಲ್ಡ್‌ನ ಒಂದೊಂದು ಪದರ ಕೆಡವುತ್ತದೆ. ಬೀಮ್, ಅಂದರೆ ಕೋಣೆಗಳ ಮೇಲೆ ಗೀಟು ಎಳೆಯುವ ಕಿರಣ, ಯಾವತ್ತೂ ಗುರಿ ತಪ್ಪುವುದಿಲ್ಲ, ಆದರೆ ಶೀಲ್ಡ್ ಇದ್ದರೆ ಅದರ ಏಟು ಕಡಿಮೆಯಾಗುತ್ತದೆ. ಹಾಗಾಗಿ ಲೇಸರ್ ಚಾರ್ಜ್ ಆಯಿತು ಅಂತ ಕೂಡಲೇ ಹೊಡೆಯಬಾರದು. ಬೀಮ್ ಕೂಡ ಸಿದ್ಧವಾಗಲಿ ಅಂತ ಕಾದು, ಲೇಸರ್ ಬಿಟ್ಟು, ಶೀಲ್ಡ್ ಬಿದ್ದ ಆ ಒಂದೆರಡು ಸೆಕೆಂಡ್‌ನಲ್ಲಿ ಬೀಮ್ ಎಳೆಯಬೇಕು. ಒಂದೇ ಗೀಟಿಗೆ ಮೂರ್ನಾಲ್ಕು ಕೋಣೆ ಹಾಳು. ಆಟೋಫೈರ್ ಹಾಕಿ ಸುಮ್ನೆ ಕೂತವರಿಗೆ ಈ ಮಜಾ ಗೊತ್ತೇ ಆಗುವುದಿಲ್ಲ.

ಇನ್ನು ಅದೃಷ್ಟದ ಮಾತು. ಅನ್ಯಾಯ ಇಲ್ಲ ಅಂತಲ್ಲ. ದೈತ್ಯ ಜೇಡಗಳು ನುಗ್ಗಿದ ನಿಲ್ದಾಣಕ್ಕೆ ಸಹಾಯ ಮಾಡಲು ಹೋಗಿ, ಮೊದಲ ಸೆಕ್ಟರ್‌ನಲ್ಲೇ ಮೂವರಲ್ಲಿ ಒಬ್ಬನನ್ನು ಕಳೆದುಕೊಂಡರೆ ಯಾರಿಗಾದರೂ ಉರಿಯುತ್ತದೆ. ಆದರೆ ಬಹಳಷ್ಟು ಸಾವುಗಳು ನಿರ್ಧಾರವಾಗುವುದು ಆ ಕಾಳಗದಲ್ಲಲ್ಲ, ಎಷ್ಟೋ ಹಿಂದೆ, ಸ್ಕ್ರ್ಯಾಪ್ (ಈ ಗೇಮ್‌ನ ದುಡ್ಡು) ಖರ್ಚು ಮಾಡುವಾಗ. ಉದಾಹರಣೆಗೆ, ಶುರುವಿನಲ್ಲೇ ಸಿಗುವ ಕೆಸ್ಟ್ರೆಲ್ ಶಿಪ್ ತಗೊಳ್ಳಿ. ಶೀಲ್ಡ್‌ನ ಎರಡನೇ ಪದರಕ್ಕೆ 20 ಮತ್ತು 30, ಒಟ್ಟು 50 ಸ್ಕ್ರ್ಯಾಪ್ ಬೇಕು, ಅದನ್ನು ನಡೆಸುವ ಪವರ್ ಬೇರೆ. ಅಂಗಡಿಯಲ್ಲಿ ಒಂದು ಚೆಂದದ ಆಯುಧ ಕಂಡು ಅದಕ್ಕೆ ದುಡ್ಡು ಸುರಿದರೆ, ಮೂರನೇ ಸೆಕ್ಟರ್‌ನಲ್ಲಿ ಒಂದೇ ಪದರ ಇಟ್ಟುಕೊಂಡು ಒದ್ದಾಡಬೇಕು. ನೆಬ್ಯುಲಾಗಳಲ್ಲಿ (ಅನಿಲ-ಧೂಳಿನ ಮೋಡಗಳಲ್ಲಿ) ಬಂಡುಕೋರರ ಪಡೆ ನಿಧಾನವಾಗುತ್ತದೆ, ಆ ದಾರಿ ಹಿಡಿದರೆ ಇನ್ನೊಂದೆರಡು ಕಡೆ ಹೆಚ್ಚು ಸುತ್ತಬಹುದು. ಇದೆಲ್ಲ ಅದೃಷ್ಟ ಅಲ್ವಲ್ಲ. ಹಾರ್ಡ್, ಅಂದರೆ ಅತಿ ಕಠಿಣ ಮಟ್ಟದಲ್ಲೂ ಸಾಲು ಸಾಲಾಗಿ ಗೆಲ್ಲುವವರಿದ್ದಾರೆ. ದಾಳ ಬಿದ್ದಂತೆ ಆಡುವ ಗೇಮ್ ಆಗಿದ್ದರೆ ಅದು ಸಾಧ್ಯವೇ ಇರಲಿಲ್ಲ.

ನನ್ನ ನಿಜವಾದ ತಕರಾರು ಇರುವುದು ಫ್ಲ್ಯಾಗ್‌ಶಿಪ್ ಮೇಲೆ. ಏಳು ಸೆಕ್ಟರ್ ಪೂರ್ತಿ ಗೇಮ್ 'ನಿಮಗೆ ಇಷ್ಟ ಬಂದ ಹಾಗೆ ಆಡಿ' ಅನ್ನುತ್ತದೆ. ಕೊನೆಗೆ ಬಂದಾಗ ಒಂದೇ ಪ್ರಶ್ನೆಪತ್ರಿಕೆ. ಮೂರು ಹಂತದ ಕಾಳಗ, ಒಂದರಲ್ಲಿ ಡ್ರೋನ್‌ಗಳ ಸುರಿಮಳೆ, ಇನ್ನೊಂದರಲ್ಲಿ ಲೇಸರ್‌ಗಳ ಸುರಿಮಳೆ, ಜೊತೆಗೆ ಜೋಲ್ಟಾನ್ ಶೀಲ್ಡ್ ಎಂಬ ಹೆಚ್ಚುವರಿ ಕವಚ. ಕ್ಲೋಕಿಂಗ್ (ಶಿಪ್ ಮರೆಮಾಚುವ ಯಂತ್ರ) ಅಥವಾ ಡಿಫೆನ್ಸ್ ಡ್ರೋನ್ (ಬರುವ ಮಿಸೈಲ್ ಹೊಡೆದುರುಳಿಸುವುದು), ಗಟ್ಟಿ ಶೀಲ್ಡ್, ಒಟ್ಟಿಗೆ ಹೊಡೆಯುವ ಮೂರು ನಾಲ್ಕು ಆಯುಧ, ಇಷ್ಟಿಲ್ಲದಿದ್ದರೆ ಕಷ್ಟ. ಇದು ಗೊತ್ತಾದ ಮೇಲೆ ಎರಡನೇ ಸೆಕ್ಟರ್‌ನಿಂದಲೇ ಕೊನೆಯ ಕಾಳಗಕ್ಕೆ ಸಾಮಾನು ಜೋಡಿಸುತ್ತಾ ಹೋಗುತ್ತೀರಿ, ವಿಚಿತ್ರ ಪ್ರಯೋಗಗಳು ಕಡಿಮೆಯಾಗುತ್ತವೆ. ಕಾದಾಟದಲ್ಲಿ ಗಟ್ಟಿಗರಾದ ಮ್ಯಾಂಟಿಸ್ ಜನರನ್ನು ಫ್ಲ್ಯಾಗ್‌ಶಿಪ್ ಒಳಗೆ ಟೆಲಿಪೋರ್ಟ್ ಮಾಡಿ ಅಲ್ಲಿನವರನ್ನೆಲ್ಲ ಕೊಲ್ಲುತ್ತೇನೆ ಅಂದರೂ ಗೇಮ್ ಬಿಡುವುದಿಲ್ಲ. ಎಲ್ಲರೂ ಸತ್ತರೆ ಶಿಪ್ ಅನ್ನು ಎಐ ವಹಿಸಿಕೊಂಡು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಅದಕ್ಕೇ ಹಳಬರು ಲೇಸರ್ ಕೋಣೆಯಲ್ಲಿ ಒಂಟಿಯಾಗಿ ಕೂತವನನ್ನು ಬೇಕಂತಲೇ ಬದುಕಲು ಬಿಡುತ್ತಾರೆ. ಜಾಣ ಉಪಾಯವೇನೋ ಹೌದು, ಆದರೆ ಅದನ್ನು ಗೇಮ್ ಎಲ್ಲೂ ಹೇಳಿಕೊಡುವುದಿಲ್ಲ.

ಕ್ರಿಸ್ಟಲ್ ಶಿಪ್ ಗಳಿಸುವ ಕ್ವೆಸ್ಟ್ ಕೂಡ ಹಾಗೇ. ಒಂದಾದ ಮೇಲೊಂದು ಕಾಕತಾಳೀಯ ಕೂಡಿಬರಬೇಕು. ಇಲ್ಲಿ ಮಾತ್ರ ಅದೃಷ್ಟವನ್ನು ಬೈಯುವವರ ಜೊತೆ ನಾನೂ ಸೇರಿಕೊಳ್ಳುತ್ತೇನೆ.

ಇದನ್ನು ಮಾಡಿದ್ದು ಸಬ್‌ಸೆಟ್ ಗೇಮ್ಸ್‌ನ ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್. ಜನರಿಂದ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 10 ಸಾವಿರ ಡಾಲರ್ ಕೇಳಿದವರಿಗೆ 2 ಲಕ್ಷಕ್ಕೂ ಜಾಸ್ತಿ ಬಂತು. 2014ರಲ್ಲಿ ಅಡ್ವಾನ್ಸ್ಡ್ ಎಡಿಶನ್ ಎಂಬ ವಿಸ್ತರಣೆಯನ್ನು ಗೇಮ್ ಇದ್ದವರಿಗೆಲ್ಲ ಪುಕ್ಕಟೆ ಕೊಟ್ಟರು. ಹ್ಯಾಕಿಂಗ್, ಮೈಂಡ್ ಕಂಟ್ರೋಲ್, ಕ್ಲೋನ್ ಬೇ, ಆಕ್ಸಿಜನ್ ಹೀರುವ ಲೇನಿಯಸ್ ಜನ, ಎಲ್ಲ ಅದರಲ್ಲೇ ಬಂದದ್ದು. ಬೇರೆ ಬೇರೆ ಲೇಔಟ್ ಸೇರಿ ಈಗ 28 ಶಿಪ್‌ಗಳಿವೆ. ಬೆನ್ ಪ್ರಂಟಿಯ ಸಂಗೀತ ನನಗೆ ಇನ್ನೂ ಬೇಸರ ತಂದಿಲ್ಲ. ಸುತ್ತುವಾಗ ಮೆಲ್ಲಗೆ ಕೇಳುವ ಟ್ಯೂನ್, ಕಾಳಗ ಶುರುವಾದ ಕೂಡಲೇ ಡ್ರಮ್ಸ್ ಸೇರಿಸಿಕೊಂಡು ಅಲ್ಲಿಂದಲೇ ಮುಂದುವರಿಯುತ್ತದೆ. ಗ್ರಾಫಿಕ್ಸ್ ಸಾಧಾರಣ, ಎಂಥ ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಓದುವುದು ಜಾಸ್ತಿ, ಅದೇ ಈವೆಂಟ್‌ಗಳು ಮತ್ತೆ ಮತ್ತೆ ಬರುತ್ತವೆ. ಅದು ಸಾಕೆನಿಸಿದಾಗ ಅಭಿಮಾನಿಗಳು ಮಾಡಿದ 'ಮಲ್ಟಿವರ್ಸ್' ಮಾಡ್ (ಗೇಮ್ ಬದಲಾಯಿಸುವ ಸೇರ್ಪಡೆ) ಹಾಕಿಕೊಳ್ಳಿ, ಅದು ಪುಕ್ಕಟೆ, ಮತ್ತು ಬೇರೆಯೇ ಗೇಮ್ ಅನ್ನುವಷ್ಟು ದೊಡ್ಡದು.

ಹೊಸದಾಗಿ ತಗೊಳ್ಳುವವರು ಅಲ್ಲಿಂದ ಶುರು ಮಾಡಬೇಡಿ. ಈಸಿ ಆರಿಸಿ, ಅಡ್ವಾನ್ಸ್ಡ್ ಎಡಿಶನ್ ಆಫ್ ಇಡಿ, ಕೆಸ್ಟ್ರೆಲ್‌ನಲ್ಲೇ ಐದನೇ ಸೆಕ್ಟರ್ ಮುಟ್ಟಿ. ಅಲ್ಲಿಗೆ ಎಂಗಿ ಕ್ರೂಸರ್ ಸಿಗುತ್ತದೆ. ಡ್ರೋನ್ ಇರುವ ಶಿಪ್, ಹೊಸಬರಿಗೆ ಕೆಸ್ಟ್ರೆಲ್‌ಗಿಂತ ಅದೇ ಸಲೀಸು.