ಹುಡುಗನ ವಯಸ್ಸು ಹದಿನೆಂಟು ಅಂತ ಬರೆಸಲು ಹೋಗಬೇಡಿ

ಕಳೆದ ವರ್ಷ ಪಿಯುಸಿ ಪರೀಕ್ಷೆ ಮುಗಿದ ಸಂಜೆ ನನ್ನ ಅಕ್ಕನ ಮಗ ಗೆಳೆಯರ ಜೊತೆ ತುಂಗಾ ಹೊಳೆ ದಂಡೆಗೆ ಹೋಗಿದ್ದ. ತೀರ್ಥಹಳ್ಳಿ ಕಡೆ ಹುಡುಗರು ಹೊಳೆಗೆ ಹೋಗುವುದು ಹೊಸದೇನಲ್ಲ. ಆದರೆ ಅವತ್ತು ಬಿಯರ್ ಇತ್ತು. ತಂದುಕೊಟ್ಟವನು ಇವರಿಗಿಂತ ದೊಡ್ಡವನು. ಪೊಲೀಸರು ಬಂದಾಗ ಅವನು ಬೈಕ್ ಹತ್ತಿ ನಾಪತ್ತೆ. ಸಿಕ್ಕಿಬಿದ್ದವರು ಇವರು. ನಮ್ಮವನಿಗೆ ಆಗ 17 ವರ್ಷ 5 ತಿಂಗಳು.

ಭಾವ ಗಾಬರಿಯಿಂದ ನನಗೆ ಫೋನ್ ಮಾಡಿದರು. ನಾನು ಅವರಿಗಿಂತ ಜಾಸ್ತಿ ಗಾಬರಿಯಾಗಿ ಪರಿಚಯದವರೊಬ್ಬರನ್ನು ಕೇಳಿದೆ. ಅವರು ಕೋರ್ಟ್ ಎದುರಿನ ಟೀ ಅಂಗಡಿಯಲ್ಲಿ ಕೂರುವ ಒಬ್ಬನ ಹತ್ತಿರ ಕಳಿಸಿದರು. ಬಿಳಿ ಅಂಗಿ, ಕಂಕುಳಲ್ಲಿ ಫೈಲು. ವಕೀಲನೇ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ.

"ಹುಡುಗ ಹದಿನೆಂಟು ತುಂಬಿದೆ ಅಂತ ಹೇಳಿ ತಪ್ಪು ಒಪ್ಪಿಕೊಳ್ಳಲಿ ಮಾರಾಯ್ರೆ. ದಂಡ ಕಟ್ಟಿ ಇವತ್ತೇ ಮನೆಗೆ ಹೋಗಬಹುದು. ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿ ಗಿಂಡಳಿ ಅಂತ ಹೋದ್ರೆ ವರ್ಷಗಟ್ಟಲೆ ಅಲೆಯಬೇಕು" ಅಂದ. 18 ಸಾವಿರ ಕೇಳಿದ. ಭಾವ ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಕೊಟ್ಟರು. ರಸೀದಿಯಲ್ಲಿದ್ದ ದಂಡ ಅದರಲ್ಲೊಂದು ಚೂರು.

ಈ ವರ್ಷ ಹುಡುಗನಿಗೆ ಕೆಲಸ ಸಿಕ್ಕಿತು. ಪೊಲೀಸ್ ವೆರಿಫಿಕೇಶನ್‌ನಲ್ಲಿ ಆ ಕೇಸು ಎದ್ದು ಬಂತು. ದೊಡ್ಡವರ ಕೋರ್ಟಿನಲ್ಲಿ, ತಾನೇ ಒಪ್ಪಿಕೊಂಡ ತಪ್ಪು!

ಕೊನೆಗೆ ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಅಲ್ಲಿಂದ ಒಬ್ಬ ವಕೀಲೆಯನ್ನು ಕೊಟ್ಟರು, ಒಂದು ರೂಪಾಯಿ ಖರ್ಚಿಲ್ಲ. ಮಕ್ಕಳಿಗೆ ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆಯಂತೆ. ಸಹಾಯವಾಣಿ 15100. ನಮಗೆ ಅವತ್ತು ಈ ನಂಬರ್ ಗೊತ್ತಿದ್ದಿದ್ದರೆ!

ಆ ಮೇಡಂ ಹೇಳಿದ್ದನ್ನು ಇಲ್ಲಿ ಹಾಕುತ್ತೇನೆ. ಹದಿನೆಂಟು ತುಂಬದವರನ್ನು ಲಾಕಪ್‌ಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು. ಮುಂದೆ ಕೆಲಸಕ್ಕೆ ಅದು ಅಡ್ಡ ಬರುವಂತಿಲ್ಲ. ಅಂದರೆ ನಾವು ಹೆದರಿ ಓಡಿದ್ದು ನಮ್ಮನ್ನು ಕಾಯುವ ಜಾಗದಿಂದಲೇ. ಇನ್ನೊಂದು ವಿಷಯ ಕೇಳಿ: ಮಗುವಿಗೆ ಮದ್ಯ ಕೊಟ್ಟವನಿಗೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಬೈಕ್ ಹತ್ತಿ ಹೋದವನ ಹೆಸರನ್ನು ನಾವು ಯಾರೂ ಎತ್ತಲೇ ಇಲ್ಲ.

ಪುಣ್ಯಕ್ಕೆ, ಕೇಸು ಮುಗಿದ ಮೇಲೂ ಘಟನೆಯ ದಿನ ವಯಸ್ಸು ಕಡಿಮೆ ಇತ್ತು ಅಂತ ಕೋರ್ಟಿಗೆ ಹೇಳಬಹುದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟು ಅರ್ಜಿ ಹಾಕಿದ್ದೇವೆ. ಕೆಲಸದವರು ಎರಡು ತಿಂಗಳು ಕಾಯುತ್ತೇವೆ ಅಂದಿದ್ದಾರೆ. ಅಕ್ಕ ದಿನಾ ಕ್ಯಾಲೆಂಡರ್ ನೋಡುತ್ತಾಳೆ.

ಮೊನ್ನೆ ದಿನಾಂಕಕ್ಕೆ ಹೋದಾಗ ಆ ಟೀ ಅಂಗಡಿಯಲ್ಲಿ ಅದೇ ಬಿಳಿ ಅಂಗಿ ಕೂತಿತ್ತು. ಎದುರಿಗೆ ಯಾರೋ ಅಪ್ಪ, ಪಕ್ಕದಲ್ಲಿ ತಲೆ ತಗ್ಗಿಸಿದ ಹುಡುಗ. ನಾನು ಸುಮ್ನೆ ದಾಟಿ ಹೋಗಲಿಲ್ಲ. ಹೋಗಿ ಆ ಅಪ್ಪನ ಪಕ್ಕ ಕೂತೆ.