ಶ್ರಾಪ್‌ಶೈರ್ ಬೆಟ್ಟಗಳಿಗೆ ಯಾವ ನಕ್ಷೆ? ಎಕ್ಸ್‌ಪ್ಲೋರರ್ 217

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್‌ಗೆ ಒತ್ತಿಕೊಂಡಂತಿರುವ ಶ್ರಾಪ್‌ಶೈರ್‌ನ ಬೆಟ್ಟ ಹತ್ತುವವರು ಮೊದಲು ಕೊಳ್ಳಬೇಕಾದದ್ದು ಬ್ರಿಟನ್ನಿನ ಸರ್ಕಾರಿ ನಕ್ಷಾ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ 217, ‘ದಿ ಲಾಂಗ್ ಮಿಂಡ್ ಅಂಡ್ ವೆನ್‌ಲಾಕ್ ಎಡ್ಜ್’. ಅದೇ ಸಂಸ್ಥೆಯ ಗುಲಾಬಿ ರಟ್ಟಿನ ಲ್ಯಾಂಡ್‌ರೇಂಜರ್ ಬೇಡ. ಅದರ ಅಳತೆ 1:50,000, ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನಷ್ಟೇ. ಹೊಲದ ಬೇಲಿಗಳು ಅದರಲ್ಲಿಲ್ಲ. 217ರದು 1:25,000, ಅಂದರೆ 4 ಸೆಂ.ಮೀ.ಗೆ 1 ಕಿ.ಮೀ. ದಾರಿ ಬೇಲಿಯ ಎಡಕ್ಕೋ ಬಲಕ್ಕೋ ಎಂಬುದೂ ತಿಳಿಯುತ್ತದೆ. ಹೊಲಗಳ ನಡುವೆ ಇದಕ್ಕಿಂತ ಉಪಯೋಗದ ಮಾಹಿತಿ ಇನ್ನೊಂದಿಲ್ಲ.

ಮೊದಲು ಬಣ್ಣಗಳನ್ನು ಓದಲು ಕಲಿಯಿರಿ. ಹಸಿರು ತುಂಡುಗೆರೆ ಸಾರ್ವಜನಿಕರಿಗೆ ಹಕ್ಕಿರುವ ದಾರಿ: ಚಿಕ್ಕ ತುಂಡುಗಳಾದರೆ ಕಾಲುದಾರಿ, ಉದ್ದ ತುಂಡುಗಳಾದರೆ ಕುದುರೆ, ಸೈಕಲ್‌ಗೂ ಅವಕಾಶವಿರುವ ಬ್ರೈಡಲ್‌ವೇ. ಕಪ್ಪು ತುಂಡುಗೆರೆ ನೆಲದ ಮೇಲೊಂದು ದಾರಿಯಿದೆ ಎಂದಷ್ಟೇ ಹೇಳುತ್ತದೆ, ಅಲ್ಲಿ ನಡೆಯುವ ಹಕ್ಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸಬರು ಎಡವುವುದು ಇಲ್ಲೇ: ಕಪ್ಪು ಗೆರೆ ಹಿಡಿದು ಹೋಗಿ ಬೀಗ ಹಾಕಿದ ಗೇಟಿನೆದುರು ನಿಲ್ಲುತ್ತಾರೆ. ಹಸಿರು ಗೆರೆಯಿದ್ದೂ ದಾರಿ ಕಾಣದಿರುವುದುಂಟು. ಜುಲೈ, ಆಗಸ್ಟಿನಲ್ಲಿ ಬ್ರಾಕೆನ್ ಜರಿಗಿಡ ಸೊಂಟದೆತ್ತರ ಬೆಳೆದು ಸಣ್ಣ ದಾರಿಗಳನ್ನು ಮುಚ್ಚಿಬಿಡುತ್ತದೆ. ತಿಳಿಹಳದಿ ಬಳಿದ ಜಾಗ 2000ದ ಕಾಯ್ದೆಯಂತೆ ಕಾಲ್ನಡಿಗೆಯವರಿಗೆ ಮುಕ್ತ. ಲಾಂಗ್ ಮಿಂಡ್ ಬೆಟ್ಟದ ಮೇಲ್ಭಾಗ ಬಹುತೇಕ ಈ ಬಣ್ಣದ್ದೇ.

ಸಮೋನ್ನತಿ ರೇಖೆಗಳು ಅಚ್ಚುಕಟ್ಟಾಗಿವೆ. ರೇಖೆಯ ಮೇಲಿನ ಅಂಕಿಗಳ ತಲೆ ಯಾವತ್ತೂ ಏರಿನ ಕಡೆಗೇ ಇರುತ್ತದೆ, ಹಾಗಾಗಿ ಏರೋ ಇಳಿಜಾರೋ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಚರ್ಚ್ ಸ್ಟ್ರೆಟನ್ ಊರಿನಿಂದ ಲಾಂಗ್ ಮಿಂಡ್‌ನ ತುದಿ ಪೋಲ್ ಬ್ಯಾಂಕ್‌ಗೆ (516 ಮೀ., ನಕ್ಷೆಯ ಚೌಕಜಾಲದಲ್ಲಿ ಸ್ಥಾನ ಎಸ್‌ಓ 415 944) ನೇರ ದೂರ ಸುಮಾರು 4 ಕಿ.ಮೀ., ಏರು 300 ಮೀ.ಗಿಂತ ಹೆಚ್ಚು. ಸುತ್ತು ಸೇರಿಸಿ 5 ಕಿ.ಮೀ. ಎಂದುಕೊಳ್ಳಿ: ಗಂಟೆಗೆ 5 ಕಿ.ಮೀ., ಪ್ರತಿ 100 ಮೀ. ಏರಿಗೆ 10 ನಿಮಿಷ ಎಂಬ ಲೆಕ್ಕದಲ್ಲಿ ಒಂದೂವರೆ ಗಂಟೆ ಬೇಕು. ಬೆಟ್ಟದ ಪೂರ್ವ ಮಗ್ಗುಲನ್ನು ಕಡಿದಾದ ಕಣಿವೆಗಳು ಸೀಳಿವೆ. ಮೇಲೆ ಅವುಗಳ ತಲೆಗಳು ಒಂದರ ಪಕ್ಕ ಒಂದು. ಮಂಜು ಕವಿದಾಗ ಒಂದು ಕಣಿವೆ ತಪ್ಪಿದರೂ ಇಳಿಯುವುದು ಬೇರೆ ಊರಿಗೆ. ಇಳಿಯುವ ಮುನ್ನ ದಿಕ್ಸೂಚಿ ಇಟ್ಟು ಕಣಿವೆಯ ದಿಕ್ಕನ್ನು ತಾಳೆ ನೋಡಿ.

ಈ ನಕ್ಷೆಯ ನಿಜವಾದ ಸಂಪತ್ತು ಅಕ್ಷರಗಳಲ್ಲಿದೆ. ಪ್ರಾಚೀನ ಸ್ಥಳಗಳ ಹೆಸರು ಹಳೆಯ ಗಾಥಿಕ್ ಲಿಪಿಯಲ್ಲಿ, ರೋಮನ್ನರ ಕಾಲದವು ಮಾತ್ರ ಬೇರೆ ಅಚ್ಚಿನಲ್ಲಿ. ಕೇರ್ ಕ್ಯಾರಡಾಕ್ (459 ಮೀ.) ನೆತ್ತಿಯ ಕಬ್ಬಿಣ ಯುಗದ ಕೋಟೆಯ ಮಣ್ಣಿನ ದಿಬ್ಬಗಳನ್ನು ಮೋಟುಗೆರೆಗಳಿಂದ ಬಿಡಿಸಿದ್ದಾರೆ, ಅವನ್ನು ನೋಡಿಯೇ ಕೋಟೆಯ ಆಕಾರ ಊಹಿಸಬಹುದು. ಹೆಸರುಗಳೂ ಮಾತಾಡುತ್ತವೆ. ‘ಮಿಂಡ್’ ವೆಲ್ಷ್ ಭಾಷೆಯ ಬೆಟ್ಟ, ‘ಬ್ಯಾಚ್’ ಸ್ಥಳೀಯರ ಬಾಯಲ್ಲಿ ಹೊಳೆಯಿರುವ ಕಣಿವೆ, ‘ಕಾರ್ಡಿಂಗ್ ಮಿಲ್’ ಉಣ್ಣೆ ಹಿಂಜುತ್ತಿದ್ದ ಗಿರಣಿ. ಸುತ್ತ ಮೇಯುವ ಕುರಿಗಳನ್ನು ಕಂಡಾಗ ಈ ಕೊನೆಯ ಹೆಸರಿಗೆ ವಿವರಣೆಯೇ ಬೇಡ.

ಕೊರತೆಗಳೂ ಇವೆ. ಬಂಡೆಯ ಬಗೆ ತಿಳಿಯುವುದಿಲ್ಲ: ಲಾಂಗ್ ಮಿಂಡ್ ಕ್ಯಾಂಬ್ರಿಯನ್ ಎಂಬ ಭೂಯುಗಕ್ಕಿಂತ ಹಿಂದಿನ ಶಿಲೆ, ವೆನ್‌ಲಾಕ್ ಎಡ್ಜ್ ಸೈಲೂರಿಯನ್ ಕಾಲದ ಸುಣ್ಣಕಲ್ಲು. ಅದಕ್ಕೆ ಭೂವಿಜ್ಞಾನದ ನಕ್ಷೆಯೇ ಬೇಕು. ಕಾಗದ ಮಡಿಕೆಗಳು ಕೂಡುವ ಮೂಲೆಯಲ್ಲಿ ಮೊದಲು ಹರಿಯುತ್ತದೆ, ಒದ್ದೆಯಾದರೆ ಇನ್ನೂ ಬೇಗ. ಪ್ಲಾಸ್ಟಿಕ್ ಲೇಪದ ‘ಆ್ಯಕ್ಟಿವ್’ ಆವೃತ್ತಿ ಮಳೆಗೆ ಜಗ್ಗದು, ಆದರೆ ದಪ್ಪ, ಭಾರ. ಗಾಳಿಯಲ್ಲಿ ಮತ್ತೆ ಮಡಿಸುವುದು ಕಷ್ಟ. ನಮ್ಮ ಮತ ಸಾದಾ ಕಾಗದ ಮತ್ತು ಪಾರದರ್ಶಕ ಚೀಲಕ್ಕೆ. ಅಂದಿನ ದಾರಿಯ ಭಾಗ ಮೇಲೆ ಬರುವಂತೆ ಮನೆಯಲ್ಲೇ ಮಡಿಸಿ ಚೀಲಕ್ಕೆ ಹಾಕಿ. ನಕ್ಷೆಯೊಂದಿಗೆ ಬರುವ ಕೋಡ್‌ನಿಂದ ಇದೇ ಹಾಳೆಯನ್ನು ಫೋನಿಗೂ ಇಳಿಸಿಕೊಳ್ಳಬಹುದು. ಹೊರಡುವ ಮುನ್ನ ವೈಫೈ ಇರುವಾಗಲೇ ಆ ಕೆಲಸ ಮುಗಿಸಿ.

ಐರನ್‌ಬ್ರಿಡ್ಜ್‌ನ 1779ರ ಕಬ್ಬಿಣದ ಸೇತುವೆ, ರೀಕಿನ್ ಬೆಟ್ಟ ನೋಡುವವರಿಗೆ 242ನೇ ಹಾಳೆ, ಲಡ್ಲೋ ಕೋಟೆಗೆ 203.