ತಂಬೂರಿಯಾ, ಟಿಬೆಟನ್ ಬಟ್ಟಲಾ?

ಬೆಳಿಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಲು ಜೊತೆಗೊಂದು ನಾದ ಬೇಕು, ಯಾವುದು ತಗೊಳ್ಳಲಿ ಅಂತ ಉಡುಪಿಯ ಗೆಳತಿ ಕೇಳಿದಳು. ಅವಳ ಪಟ್ಟಿಯಲ್ಲಿ ಇದ್ದದ್ದು ಮೂರು.

ಜಪಾನಿನ ಶಾಕುಹಾಚಿ ಬೇಡ ಅಂದೆ. ಸುಮಾರು 54 ಸೆಂಟಿಮೀಟರ್ ಉದ್ದದ, ಐದು ತೂತಿನ ಬಿದಿರಿನ ಕೊಳಲು ಅದು. ಫೂಕೆ ಪಂಥದ ಝೆನ್ ಭಿಕ್ಷುಗಳಿಗೆ ಊದುವುದೇ ಧ್ಯಾನವಾಗಿತ್ತು, ಸರಿ. ಹೊಸಬರು ಊದಿದರೆ ಬರೀ ಗಾಳಿ ಬರುತ್ತದೆ ಮಾರಾಯ್ತಿ!

ಟಿಬೆಟನ್ ಬಟ್ಟಲು ಸುಲಭ. ಅಂಗೈ ಮೇಲಿಟ್ಟು ಮರದ ಕೋಲಿನಿಂದ ಒಮ್ಮೆ ತಟ್ಟಿ, ದನಿ ಕರಗುವವರೆಗೆ ಕೇಳುತ್ತಾ ಕೂತರಾಯಿತು. ಏಳು ಲೋಹದ್ದು ಅಂತ ಮಾರುತ್ತಾರೆ. ಆದರೆ ಹೆಚ್ಚಿನವು ತಾಮ್ರ, ತವರ ಸೇರಿದ ಕಂಚು. ನಮ್ಮ ದೇವಸ್ಥಾನದ ಜಾಗಟೆಯ ದಾಯಾದಿಯೇ ಅಲ್ವಾ? ಹಾಗಾಗಿ ಏಳು ಲೋಹದ ಹೆಸರಲ್ಲಿ ಜಾಸ್ತಿ ದುಡ್ಡು ಕೊಡಬೇಡಿ, ತಟ್ಟಿ ನೋಡಿ ಕೊಳ್ಳಿ.

ತಂಬೂರಿಯ ಕಥೆಯೇ ಬೇರೆ. ನಾಲ್ಕು ತಂತಿ, ಸಾಮಾನ್ಯವಾಗಿ ಪ-ಸ-ಸ-ಸ. ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ತುಂಡಿಗೆ ಕುದುರೆ ಅಂತಾರೆ, ಅದರ ಮೇಲೆ ತಂತಿಯಡಿ ಒಂದು ಸಣ್ಣ ನೂಲು ಇರುತ್ತದೆ. ಆ ನೂಲನ್ನು ಕೂದಲೆಳೆಯಷ್ಟು ಸರಿಸಿ ನೋಡಿ, ಮಂಕಾಗಿದ್ದ ತಂತಿ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಬಟ್ಟಲಿನ ದನಿ ಮುಗಿಯುತ್ತದೆ, ಇದು ಮೀಟಿದಷ್ಟು ಹೊತ್ತೂ ಹರಿಯುತ್ತದೆ. ಆದರೆ ಕರಾವಳಿಯ ಮಳೆಗಾಲ ಅದಕ್ಕಾಗುವುದಿಲ್ಲ. ಆಟಿ ತಿಂಗಳಲ್ಲಿ ನನ್ನದರ ಗವಸು ತೆಗೆದರೆ ಬುರುಡೆ ತುಂಬ ಬೂಸ್ಟು. ದಿನಾ ಶ್ರುತಿ ಕೂರಿಸುವ ಕೆಲಸ ಬೇರೆ.

ಸುಮ್ನೆ ಕೂರುವವರಿಗೆ ಬಟ್ಟಲು ಸಾಕು. ಜೊತೆಗೆ ಓಂಕಾರವೋ ಭಜನೆಯೋ ಹೇಳುವ ಆಸೆಯಿದ್ದರೆ ತಂಬೂರಿಯೇ ಬೇಕು. ಮೊದಲು ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಂಡು ಒಂದು ತಿಂಗಳು ಕೂತು ನೋಡಿ. ಗೆಳತಿ ಈಗ ಅದನ್ನೇ ಮಾಡುತ್ತಿದ್ದಾಳೆ.